ಹಿಟ್ಟಿನ ಕೋಳಿಯೂ ಬಾಳೆಯ ಕಾಯಿಯೂ

ಆಲೂಗಡ್ಡೆಯನ್ನು ಬೆರಳುದ್ದದ ಸೀಳುಗಳಾಗಿ ಹೆಚ್ಚಿ, ಎಣ್ಣೆಯಲ್ಲಿ ಕರಿದು, ಅದರ ಮೇಲೆ ಕರಗಿದ ಚೀಸ್, ಮಸಾಲೆಯಲ್ಲಿ ಬೆಂದ ರಾಜ್ಮಾ, ಈರುಳ್ಳಿಯ ಚೂರು, ಹುಳಿ ಬಂದ ಕೆನೆ ಮೊದಲಾದವನ್ನು ಹೇರಿ, ಒಂದೇ ತಟ್ಟೆಯ ಸುತ್ತ ಹಲವರು ಕುಳಿತು ತಿನ್ನುವ ಪದಾರ್ಥಕ್ಕೆ ‘ಲೋಡೆಡ್ ಫ್ರೈಸ್’ ಎಂದು ಹೆಸರು. ಅಮೆರಿಕದಲ್ಲಿ ಇದು ಬಹು ಜನಪ್ರಿಯ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ 1950ರ ದಶಕದಲ್ಲಿ ಹುಟ್ಟಿದ ‘ಪೂಟೀನ್’ ಇದರ ಸಮೀಪದ ಬಂಧು. ಇಂದು ನಮ್ಮ ನಗರಗಳ ಜೈನ ಮನೆಗಳಲ್ಲಿಯೂ ಮಕ್ಕಳ ಸ್ನೇಹಿತರು ಕೂಡಿದಾಗ ಇದರ ಬೇಡಿಕೆ ಕೇಳಿಬರುತ್ತದೆ. ಕಂದಮೂಲ ತ್ಯಾಗವುಳ್ಳ ಗೃಹಿಣಿಯು ಆಲೂಗಡ್ಡೆಯ ಬದಲು ಬಾಳೆಕಾಯಿಯನ್ನು ಅದೇ ಆಕಾರಕ್ಕೆ ಹೆಚ್ಚಿ, ಅದೇ ರುಚಿ ಬರುವಂತೆ ಕರಿದು ಬಡಿಸುತ್ತಾಳೆ. ಇದು ವ್ರತದ ಪಾಲನೆಯೋ, ತ್ಯಜಿಸಿದ ವಸ್ತುವನ್ನು ಹಿಂಬಾಗಿಲಿನಿಂದ ಒಳಗೆ ಕರೆದಂತೆಯೋ ಎಂಬ ಪ್ರಶ್ನೆಯನ್ನು ಕೆಲವು ಹಿರಿಯರು ಎತ್ತಿದ್ದಾರೆ. ಪ್ರಶ್ನೆ ಚಿಕ್ಕದೆಂದು ತಳ್ಳಿಹಾಕುವಂತಿಲ್ಲ.

ಮೊದಲು ಗಡ್ಡೆಯ ವಿಚಾರ. ಆಲೂಗಡ್ಡೆಯ ಹೆಸರು ಪ್ರಾಚೀನ ಶ್ರಾವಕಾಚಾರಗಳಲ್ಲಿ ಇಲ್ಲ. ಇರುವುದು ಸಾಧ್ಯವೂ ಇಲ್ಲ. ದಕ್ಷಿಣ ಅಮೆರಿಕದ ಈ ಬೆಳೆ ಪೋರ್ಚುಗೀಸರು ಬಂದ ಮೇಲೆ ಭಾರತಕ್ಕೆ ಬಂದದ್ದು. ಹೆಸರಿಲ್ಲದ ಮೇಲೆ ನಿಷೇಧವೆಲ್ಲಿ ಎಂದು ಕಲಿತ ಯುವಕರು ವಾದಿಸುತ್ತಾರೆ; ಸಸ್ಯಶಾಸ್ತ್ರದ ಪ್ರಕಾರ ಅದು ಬೇರಲ್ಲ, ಕಾಂಡ ಎಂದೂ ಸೇರಿಸುತ್ತಾರೆ. ಎರಡೂ ಮಾತು ನಿಜ, ಆದರೆ ಎರಡರಿಂದಲೂ ಪ್ರಶ್ನೆ ಬಗೆಹರಿಯುವುದಿಲ್ಲ. ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂಲಂಗಿ, ಹಸಿಶುಂಠಿ ಮುಂತಾದವನ್ನು ಹೆಸರಿಸುವಾಗಲೇ ಕಾರಣವನ್ನೂ ಹೇಳಿದ್ದಾರೆ: ಫಲ ಅಲ್ಪ, ಘಾತ ಬಹಳ. ಶ್ರವಣಬೆಳಗೊಳದೊಡನೆ ಬೆರೆತ ಹೆಸರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಅನಂತ ಜೀವಗಳಿಗೆ ಆಶ್ರಯವಾದ ಸಸ್ಯದ ಗುರುತುಗಳನ್ನು ಕೊಟ್ಟಿದ್ದಾರೆ. ನರ, ಸಂಧಿ, ಗೆಣ್ಣುಗಳು ಹೊರಗೆ ಕಾಣಬಾರದು. ಮುರಿದರೆ ನಾರಿಲ್ಲದೆ ಸಮನಾಗಿ ಮುರಿಯಬೇಕು. ಕತ್ತರಿಸಿದರೂ ಮತ್ತೆ ಚಿಗುರಬೇಕು. ಅದೇ ಬೆಳಗೊಳವಿರುವ ಹಾಸನ ಜಿಲ್ಲೆ ಇಂದು ಆಲೂಗಡ್ಡೆಯ ಬೆಳೆಗೆ ಹೆಸರಾಗಿದೆ. ಬಿತ್ತನೆಯ ಗಡ್ಡೆಯನ್ನು ಕಣ್ಣಿಗೊಂದು ತುಂಡಾಗಿ ಕತ್ತರಿಸಿ ನೆಡುವುದನ್ನೂ, ತುಂಡು ತುಂಡೂ ಗಿಡವಾಗುವುದನ್ನೂ ಕಂಡವರಿಗೆ ಈ ಲಕ್ಷಣಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ. ಹೆಚ್ಚಿದ ಬಾಳೆಕಾಯಿಯ ತುಂಡು ಎಲ್ಲಿ ಬಿದ್ದರೂ ಚಿಗುರುವುದಿಲ್ಲ.

ಆದರೆ ಹಿರಿಯರ ಆಕ್ಷೇಪ ಇರುವುದು ವಸ್ತುವಿನ ಬಗೆಗಲ್ಲ, ಭಾವದ ಬಗೆಗೆ. ಅವರು ಮುಂದಿಡುವ ದೃಷ್ಟಾಂತ ಕನ್ನಡ ಜೈನರೆಲ್ಲರೂ ಬಲ್ಲದ್ದು. ಜನ್ನಕವಿಯು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಯಶೋಧರನು ಜೀವಂತ ಪ್ರಾಣಿಯನ್ನು ಕೊಲ್ಲಲು ಒಪ್ಪದೆ ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಅಲ್ಲಿ ಒಂದು ತೊಟ್ಟು ರಕ್ತವೂ ಬೀಳಲಿಲ್ಲ. ಆದರೂ ತಾಯಿಮಗ ಇಬ್ಬರೂ ನಾಯಿ ನವಿಲುಗಳಾಗಿ ಹುಟ್ಟಿ, ಜನ್ಮದಿಂದ ಜನ್ಮಕ್ಕೆ ಕೊಲೆಗೀಡಾಗಿ ತೊಳಲಿದರು. ಹಿಟ್ಟನ್ನು ಕೋಳಿಯೆಂದು ಸಂಕಲ್ಪಿಸಿ ಕಡಿದವನಿಗೆ ಕೋಳಿಯನ್ನು ಕಡಿದ ಪಾಪವಾದರೆ, ಬಾಳೆಕಾಯಿಯನ್ನು ಆಲೂಗಡ್ಡೆಯೆಂದು ಭಾವಿಸಿ ತಿಂದವನಿಗೆ ಆಲೂಗಡ್ಡೆ ತಿಂದ ದೋಷ ತಪ್ಪೀತೆ?

ವಾದವು ಚುರುಕಾಗಿದೆ, ಆದರೆ ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಯಶೋಧರನಿಗೆ ಬೇಕಾಗಿದ್ದುದು ಕೊಲೆಯ ಫಲ. ದೇವತೆಗೆ ಜೀವವೊಂದನ್ನು ಒಪ್ಪಿಸಿ ಅರಿಷ್ಟವನ್ನು ಕಳೆಯಬೇಕೆಂಬುದೇ ಆ ಕ್ರಿಯೆಯ ಉದ್ದೇಶ. ಹಿಟ್ಟು ಕೇವಲ ಉಪಕರಣ. ಎಂದರೆ ಅದು ಸಂಕಲ್ಪಹಿಂಸೆ. ಬಾಳೆಕಾಯಿ ಹೆಚ್ಚುವ ಗೃಹಿಣಿಗೆ ಗಡ್ಡೆಯ ಜೀವರಾಶಿಯ ನಾಶ ಯಾವ ರೀತಿಯಲ್ಲಿಯೂ ಬೇಕಿಲ್ಲ. ಅದನ್ನು ತಪ್ಪಿಸಬೇಕೆಂದೇ ಅವಳು ಬದಲನ್ನು ಹುಡುಕಿದ್ದು. ಅವಳಲ್ಲಿ ಉಳಿದಿರುವುದು ರುಚಿಯ ರಾಗ. ರಾಗವೂ ದೋಷವೇ, ಆದರೆ ಬೇರೆ ದೋಷ. ಅದಕ್ಕೆ ಮದ್ದು ಭೋಗೋಪಭೋಗ ಪರಿಮಾಣ: ಎಷ್ಟು ತುತ್ತು, ವಾರಕ್ಕೆ ಎಷ್ಟು ಸಲ ಎಂಬ ಎಣಿಕೆ. ಬಾಳೆಕಾಯಿಯನ್ನು ದೂರುವುದು ಅದಕ್ಕೆ ಮದ್ದಲ್ಲ.

ಹಾಗೆಂದು ಹಿರಿಯರ ಮಾತಿನಲ್ಲಿ ಹುರುಳಿಲ್ಲವೆನ್ನುವಂತಿಲ್ಲ. “ಆಲೂಗಡ್ಡೆಯಲ್ಲವೆಂದು ಯಾರಿಗೂ ತಿಳಿಯುವುದೇ ಇಲ್ಲ” ಎಂದು ಬಡಿಸುವವರು ಹೆಮ್ಮೆಪಡುವಾಗ, ತ್ಯಜಿಸಿದ ವಸ್ತುವೇ ಶ್ರೇಷ್ಠವೆಂದೂ ತಮ್ಮ ವ್ರತ ಒಂದು ನಷ್ಟವೆಂದೂ ಅವರೇ ಸಾರಿದಂತಾಗುತ್ತದೆ. ಕೇಳುವ ಮಗು ಅದನ್ನೇ ಕಲಿಯುತ್ತದೆ. ಬಾಳೆಕಾಯಿ ಯಾರ ವೇಷವನ್ನೂ ಹಾಕಬೇಕಾದ ಕಾಯಲ್ಲ. ಕರಾವಳಿಯ ಮನೆಗಳಲ್ಲಿ ಅದರ ಪೋಡಿಯನ್ನೂ ಚಿಪ್ಸನ್ನೂ ಬಾಳೆಕಾಯಿಯೆಂದೇ ಮೆಚ್ಚಿ ತಿನ್ನುತ್ತಾರೆ, ಮತ್ತೊಂದನ್ನು ನೆನೆದಲ್ಲ.

ನಿಜವಾದ ಎಡವಟ್ಟು ಆಗುವುದು ಕೆಳಗಿನ ಸೀಳಿನಲ್ಲಲ್ಲ, ಮೇಲಿನ ಹೇರಿಕೆಯಲ್ಲಿ. ಗಡ್ಡೆಯನ್ನು ಬಿಟ್ಟ ಸಮಾಧಾನದಲ್ಲಿ ಉಳಿದುದರ ಪರೀಕ್ಷೆ ಸಡಿಲವಾಗುತ್ತದೆ. ರಾಜ್ಮಾ ದ್ವಿದಳ ಧಾನ್ಯ. ಅದರ ಮೇಲೆ ಸುರಿಯುವ ಹುಳಿಕೆನೆ ಗೋರಸ. ಹಸಿ ಗೋರಸ ಬೆರೆತ ದ್ವಿದಳವು ತ್ಯಾಜ್ಯವೆಂದು 13ನೆಯ ಶತಮಾನದ ಪಂಡಿತ ಆಶಾಧರರ ಸಾಗಾರಧರ್ಮಾಮೃತವು ಹೇಳುತ್ತದೆ; ಕಾಯಿಸಿದ ಹಾಲಿನ ಮೊಸರನ್ನೂ ಬೇಳೆಯೊಡನೆ ಬೆರೆಸದ ಮನೆಗಳು ಅನೇಕ. ಚೀಸನ್ನು ಹೆಪ್ಪುಗಟ್ಟಿಸುವ ರೆನೆಟ್ ಎಂಬುದು ಮೂಲತಃ ಎಳೆಗರುವಿನ ಜಠರದಿಂದ ತೆಗೆಯುವಂಥದು. ಸೂಕ್ಷ್ಮಜೀವಿಗಳಿಂದ ತಯಾರಿಸಿದ ಬದಲಿ ಈಗ ಬಳಕೆಯಲ್ಲಿದ್ದರೂ, ಹೊರದೇಶಗಳಲ್ಲಿರುವ ನಮ್ಮವರು ಕೊಳ್ಳುವ ಮುನ್ನ ಚೀಟಿಯನ್ನು ಓದಲೇಬೇಕು. ಕೆಲವೊಮ್ಮೆ ಚೀಟಿಯೂ ಸಾಲದು. ಅಮೆರಿಕದ ಒಂದು ದೊಡ್ಡ ಉಪಾಹಾರ ಸಂಸ್ಥೆ 1990ರಲ್ಲಿ ಸಸ್ಯದೆಣ್ಣೆಗೆ ಬದಲಾಯಿಸಿದೆನೆಂದು ಸಾರಿದ ಮೇಲೆಯೂ ಅದರ ಫ್ರೈಸಿನಲ್ಲಿ ಗೋಮಾಂಸಮೂಲದ ರುಚಿದ್ರವ್ಯವಿತ್ತು. 2001ರಲ್ಲಿ ದಾವೆಯಾಗಿ, ಮರುವರ್ಷ ರಾಜಿಯಾಯಿತು. ಮನೆಯಲ್ಲಿಯೇ ಮಾಡಿಕೊಳ್ಳುವುದಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ಬೇಡ.

ಇನ್ನು ಬಂದ ಸ್ನೇಹಿತರಿಗೆ ವ್ರತವಿಲ್ಲವಲ್ಲ, ಅವರಿಗಾದರೂ ಆಲೂಗಡ್ಡೆ ಕರಿದುಕೊಡಬಾರದೆ? ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಬಲ್ಲ ಶ್ರಾವಕನಿಗೆ ಉತ್ತರ ಕಠಿಣವಲ್ಲ. ಆಲೂಗಡ್ಡೆ ಸಿಗದೆ ಅತಿಥಿ ಹಸಿದು ಹೋಗುವುದೂ ಇಲ್ಲ. ಕಷ್ಟವಿರುವುದು ಮನೆಯೊಳಗೇ. ಅಜ್ಜಿಗೆ ಯಾವಜ್ಜೀವ ಯಮವುಂಟು, ಮೊಮ್ಮಗನಿಗೆ ಯಾವ ನಿಯಮವೂ ಇಲ್ಲ, ಒಲೆ ಒಂದೇ. ವ್ರತವನ್ನು ತಾನೇ ಸ್ವೀಕರಿಸಬೇಕು, ಹೇರಿದ್ದು ವ್ರತವಲ್ಲ. ಬಲವಂತ ಹೆಚ್ಚಾದರೆ ಹುಡುಗನು ಬೀದಿಯಲ್ಲಿ ತಿಂದು ಮನೆಯಲ್ಲಿ ಇಲ್ಲವೆನ್ನುತ್ತಾನೆ. ಗಡ್ಡೆಯ ದೋಷದ ಮೇಲೆ ಅಸತ್ಯದ ದೋಷ ಕೂಡುತ್ತದೆ. ಅಂಥವನಿಗೆ ದಶಲಕ್ಷಣದ 10 ದಿನ, ಅಷ್ಟಾಹ್ನಿಕದ 8 ದಿನ ಎಂದು ಅವಧಿಯ ನಿಯಮವನ್ನು ತಿಳಿಸಿ ಹೇಳಬಹುದು. ಉಳಿದ ದಿನಗಳಲ್ಲಿ ಅಜ್ಜಿಯ ಬಾಣಲೆ, ಎಣ್ಣೆಗಳನ್ನು ಬೇರೆ ಇಡುವ ಮರ್ಯಾದೆಯನ್ನಾದರೂ ಅವನು ಪಾಲಿಸಲಿ.

ಮಾಡುವ ಕ್ರಮ ಸುಲಭ. ಬಲಿತ ಬಾಳೆಕಾಯಿಯನ್ನು ಕೈಗೆ ಎಣ್ಣೆ ಸವರಿಕೊಂಡು ಸುಲಿದು ಸೀಳಿ, ಕಪ್ಪಾಗದಂತೆ ಉಪ್ಪುನೀರಿಗೆ ಹಾಕಿ, ಬಟ್ಟೆಯ ಮೇಲೆ ಚೆನ್ನಾಗಿ ಆರಿಸಬೇಕು. ಮೊದಲು ಮಂದ ಉರಿಯಲ್ಲಿ ಒಳಗು ಬೇಯುವಷ್ಟು, ತಣಿದ ಮೇಲೆ ಕಾದ ಎಣ್ಣೆಯಲ್ಲಿ ಹೊರಗು ಗರಿಯಾಗುವಷ್ಟು, ಹೀಗೆ ಎರಡು ಸಲ ಕರಿಯಬೇಕು. ಬಿಸಿಯಾದ ಹೇರಿಕೆ ಬಿದ್ದೊಡನೆ ಸೀಳುಗಳು ಮೆತ್ತಗಾಗುವುದರಿಂದ ಅದನ್ನು ಮೊದಲೇ ಹಾಕಬಾರದು. ರಾಜ್ಮಾ ಒಂದು ಪಾತ್ರೆಯಲ್ಲಿ, ಟೊಮೇಟೊ ಗೊಜ್ಜು ಇನ್ನೊಂದರಲ್ಲಿ ಇದ್ದರೆ ಗರಿಯೂ ಉಳಿಯುತ್ತದೆ, ಪ್ರತಿಯೊಬ್ಬರೂ ತಮ್ಮ ನಿಯಮಕ್ಕೆ ತಕ್ಕಂತೆ ಬಡಿಸಿಕೊಳ್ಳುವುದೂ ಆಗುತ್ತದೆ. ರಾಜ್ಮಾ ಇರುವ ದಿನ ಕೆನೆಯ ಪಾತ್ರೆ ಬೇಡ. ಬೆಂಗಳೂರಿನಲ್ಲಿ ನವೆಂಬರ್ ಕೊನೆಗೆ ಸೂರ್ಯನು 6 ಗಂಟೆಗೆ ಮುನ್ನವೇ ಅಸ್ತಮಿಸುವುದರಿಂದ ಸ್ನೇಹಿತರನ್ನು 4 ಗಂಟೆಗೇ ಕರೆಯತಕ್ಕದ್ದು.