ಹಿಡಿದಿಟ್ಟ ಸ್ವರ

ನಂಜನಗೂಡಿನಲ್ಲಿರುವ ನನ್ನ ತಂಗಿಯ ಮಗ ಒಂದು ಪೆಟ್ಟಿಗೆ ಮಾಡಿದ್ದಾನೆ. ಸಂಗೀತವನ್ನು ಕೆಡಿಸುವುದೇ ಅದರ ಕೆಲಸ. ಹೀಗೆಂದರೆ ಅವನು ಒಪ್ಪುವುದಿಲ್ಲ. ‘ಕೆಡಿಸುವುದಲ್ಲ ಮಾವ, ಕಡಿಮೆ ಮಾಡುವುದು’ ಎನ್ನುತ್ತಾನೆ. ಸಿಂಥಸೈಜರ್ ನುಡಿಸುವವರು ಇಂಥ ಪೆಟ್ಟಿಗೆಗಳನ್ನು ಹಣ ಕೊಟ್ಟು ಕೊಳ್ಳುತ್ತಾರಂತೆ. ಲೋಕೋ ಭಿನ್ನರುಚಿಃ!

ಅದರ ಒಳಗಿನ ವ್ಯವಸ್ಥೆ ಸರಳವಾದುದೇ. ನಾದವು ವಿದ್ಯುತ್ತಿನ ಏರಿಳಿತವಾಗಿ ಒಳಕ್ಕೆ ಬರುತ್ತದೆ. ಗಡಿಯಾರದಂತೆ ತಪ್ಪದೆ ಬಡಿಯುವ ಒಂದು ಸ್ವಿಚ್ಚು ಅದಕ್ಕೆ ಆಗಾಗ ಕ್ಷಣಮಾತ್ರ ದಾರಿ ಬಿಡುತ್ತದೆ. ಆ ಕ್ಷಣದ ಮಟ್ಟ ಒಂದು ಕೆಪಾಸಿಟರಿನಲ್ಲಿ ನಿಂತುಬಿಡುತ್ತದೆ. ಮುಂದಿನ ಬಡಿತದವರೆಗೂ ಹೊರಗೆ ಬರುವುದು ಆ ನಿಂತ ಮಟ್ಟವೇ. ನಡುವೆ ನಾದ ಏರಲಿ, ಇಳಿಯಲಿ, ಪೆಟ್ಟಿಗೆಯ ಪಾಲಿಗೆ ಏನೂ ನಡೆದಿಲ್ಲ. ಕಬಿನಿ ಅಣೆಕಟ್ಟೆಯ ನೀರಿನ ಮಟ್ಟವನ್ನು ಬೆಳಗ್ಗೆ ಪತ್ರಿಕೆಯಲ್ಲಿ ಓದಿದ ನಾವು ಮರುದಿನದವರೆಗೂ ಅದೇ ಮಟ್ಟವೆಂದು ನಂಬಿಕೊಂಡಿರುವುದಿಲ್ಲವೆ? ಹಾಗೆ.

ಹುಡುಗ ನನಗಾಗಿ ಚೌಡಯ್ಯನವರ ಹಳೆಯ ಮುದ್ರಿಕೆಯೊಂದನ್ನು ಅದರೊಳಗೆ ಹಾಯಿಸಿದ. ಚೌಡಯ್ಯನವರು 1895ರಲ್ಲಿ ತಿರುಮಕೂಡಲಿನಲ್ಲಿ ಹುಟ್ಟಿದವರು, ನಮ್ಮ ಕಪಿಲೆ ಹರಿದು ಹೋಗಿ ಕಾವೇರಿಯನ್ನು ಸೇರುವ ಕಡೆಯವರು. ಸಭೆಯ ಕೊನೆಯ ಸಾಲಿನವನಿಗೂ ಕೇಳಿಸಬೇಕೆಂದು ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಕಟ್ಟಿದ ಮಹಾನುಭಾವರು. ಅವರ ಜಾರುಗಳು, ಒಂದು ಸ್ವರದಿಂದ ಇನ್ನೊಂದಕ್ಕೆ ನೀರಿನಂತೆ ಹರಿಯುವ ಆ ಎಳೆಗಳು, ಪೆಟ್ಟಿಗೆಯಿಂದ ಹೊರಬಂದಾಗ ನದಿಗಿಳಿಯುವ ಸೋಪಾನದ ಮೆಟ್ಟಿಲುಗಳಾಗಿದ್ದುವು. ಗುಂಡಿಯನ್ನು ಇನ್ನಷ್ಟು ತಿರುಗಿಸಿದ. ಬಡಿತ ನಿಧಾನವಾದಂತೆ ಪಿಟೀಲಿನಲ್ಲಿ ಎಂದೂ ಇರದ ಸ್ವರಗಳು ಕೇಳತೊಡಗಿದವು.

ನಾನು ಬೆಚ್ಚಿದ್ದು ಇಲ್ಲಿ. ಬಿಟ್ಟುಬಿಟ್ಟು ನೋಡಿದರೆ ಸತ್ಯದ ಒಂದು ಭಾಗ ನಷ್ಟವಾದೀತು, ಉಳಿದದ್ದಾದರೂ ಸತ್ಯವೇ ಎಂದು ನನ್ನ ಎಣಿಕೆ. ಅದು ಹಾಗಲ್ಲವಂತೆ. ನಾದದಲ್ಲಿರುವ ಅತಿ ವೇಗದ ಕಂಪನಕ್ಕೆ ಎರಡು ಪಟ್ಟಿಗಿಂತ ಹೆಚ್ಚು ವೇಗವಾಗಿ ಮಾದರಿ ತೆಗೆದುಕೊಂಡರೆ ಏನೂ ನಷ್ಟವಿಲ್ಲ. ಸೀಡಿ ತಟ್ಟೆಗೆ ಸೆಕೆಂಡಿಗೆ 44,100 ಮಾದರಿ, ಸಾಮಾನ್ಯ ಟೆಲಿಫೋನಿನ ಮಾತಿಗೆ 8,000 ಸಾಕು. ಅದಕ್ಕಿಂತ ಕಡಿಮೆಯಾದರೆ ಮಾತ್ರ ಬರುವುದು ಅರ್ಧಸತ್ಯವಲ್ಲ, ಸುಳ್ಳು. ಒಳಗಿನ ಸ್ವರ ಏರುತ್ತಿದ್ದರೆ ಹೊರಗಿನದು ಇಳಿಯುತ್ತದೆ. ಸಿನಿಮಾದಲ್ಲಿ ಮುಂದಕ್ಕೆ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಇದರಿಂದಲೇ. ಬಡಿತವೂ ಕಂಪನವೂ ಸರಿಸಮವಾಗಿ ಕೂಡಿಬಿಟ್ಟರಂತೂ ಪ್ರತಿ ಸಲವೂ ಅಲೆಯ ಒಂದೇ ಜಾಗ ಸಿಕ್ಕಿ, ಸ್ವರವೇ ಇಲ್ಲದೆ ಹೋಗುತ್ತದೆ.

ಆ ಕೊನೆಯ ಮಾತು ಕೇಳಿದಾಗ ನನಗೆ ನೆನಪಾದವನು ನರಸೀಪುರದ ನಮ್ಮಣ್ಣ, ದೊಡ್ಡಮ್ಮನ ಮಗ. ನಾಲೆಯ ಕೆಳಗೆ ಸ್ವಲ್ಪ ಗದ್ದೆ ಇಟ್ಟುಕೊಂಡಿದ್ದವನು. ನೌಕರಿಯಲ್ಲಿದ್ದ ನಾನು ಊರಿಗೆ ಬರುತ್ತಿದ್ದುದು ವರ್ಷಕ್ಕೊಮ್ಮೆ, ದೊಡ್ಡ ಜಾತ್ರೆಗೆ. ಐದು ತೇರೂ ನೆಲೆಗೆ ಬಂದ ಮೇಲೆ ಅಣ್ಣ ನನ್ನನ್ನು ಒಂದು ಪಕ್ಕಕ್ಕೆ ಕರೆದು, ‘ಏನಾದರೂ ಸ್ವಲ್ಪ ಇದ್ದರೆ ಕೊಟ್ಟಿರಪ್ಪ’ ಎನ್ನುವನು. ಪ್ರತಿ ವರ್ಷವೂ ಅದೇ ಮಾತು, ಅದೇ ತಗ್ಗಿದ ತಲೆ. ಕೊಡುತ್ತಿದ್ದೆ, ಕೊಡುವವನ ಬಿಗುಮಾನವೂ ಜೊತೆಗಿರುತ್ತಿತ್ತು. ಬೇಡುವುದೇ ಇವನ ಸ್ವಭಾವ ಎಂದು ಮನಸ್ಸಿನಲ್ಲಿ ಬರೆದುಕೊಂಡಿದ್ದೆ.

ಅಣ್ಣ ತೀರಿಕೊಂಡ. ವೈಕುಂಠ ಸಮಾರಾಧನೆ ಮುಗಿಸಿ ಬಂದ ದಿನ ನಾನು ಏನೋ ಹಗುರವಾಗಿ ಆಡಿದೆ. ಅಮ್ಮ ತಲೆ ಎತ್ತಿ ನೋಡಿದಳು. ‘ಸಂಕ್ರಾಂತಿಗೆ ಭತ್ತದ ದುಡ್ಡು ಬಂದ ಕೂಡಲೇ ಬಂದು ಒಂದು ಕಾಸೂ ಬಿಡದೆ ಕೊಟ್ಟು ಹೋಗುತ್ತಿದ್ದನಲ್ಲೋ. ಮನೆಯ ಖರ್ಚಿಗೆ ನಾನೇ ಇಟ್ಟುಕೊಳ್ಳುತ್ತಿದ್ದೆ.’ ‘ನನಗೆ ಹೇಳಲಿಲ್ಲವಲ್ಲ’ ಎಂದೆ. ‘ನೀನು ಕೇಳಲಿಲ್ಲ’ ಎಂದಳು.

ನಾನು ಕಂಡದ್ದರಲ್ಲಿ ಸುಳ್ಳಿರಲಿಲ್ಲ. ಗದ್ದೆಯವನ ಕೈ ಖಾಲಿಯಾಗುವ ತಿಂಗಳಿನಲ್ಲಿಯೇ, ವರ್ಷವರ್ಷವೂ, ಅಲೆಯ ಒಂದೇ ಜಾಗವನ್ನು ಕಂಡಿದ್ದೆ. ಕಂಡದ್ದನ್ನು ಮುಂದಿನ ಜಾತ್ರೆಯವರೆಗೆ ಹಿಡಿದಿಟ್ಟುಕೊಂಡಿದ್ದೆ. ಪೆಟ್ಟಿಗೆಯ ಕೆಪಾಸಿಟರಾದರೂ ಮೆಲ್ಲಮೆಲ್ಲನೆ ಸೋರುತ್ತದೆಯಂತೆ. ನನ್ನ ತೀರ್ಮಾನ ಅಷ್ಟೂ ಸೋರಿರಲಿಲ್ಲ.

ಯಾರನ್ನೂ ಎಡೆಬಿಡದೆ ನೋಡುತ್ತಿರಲು ಯಾರಿಗೂ ಸಾಧ್ಯವಿಲ್ಲ ಎಂದು ಓದುಗರು ಹೇಳಬಹುದು. ನಿಜ. ಮೂರು ಗಂಟೆಯ ಪರೀಕ್ಷೆಯಿಂದ ಹುಡುಗನನ್ನು, ಅರ್ಧ ಗಂಟೆಯ ಭೇಟಿಯಿಂದ ಹೆಣ್ಣು ಗಂಡುಗಳನ್ನು ಅಳೆಯದೆ ಲೋಕ ನಡೆಯುವುದಿಲ್ಲ. ಕಡಿಮೆ ನೋಡುವುದು ಪಾಪವಲ್ಲ. ಕಡಿಮೆ ನೋಡಿದ್ದೇನೆಂಬುದನ್ನು ಮರೆಯುವುದು ಪಾಪ. ಹುಡುಗನ ಪೆಟ್ಟಿಗೆಯ ಪ್ರಾಮಾಣಿಕತೆ ಇರುವುದು ಇಲ್ಲಿ. ಅದರ ಮುಂಭಾಗದಲ್ಲಿಯೇ ಗುಂಡಿಯಿದೆ, ಎಷ್ಟು ಕಡಿಮೆ ಮಾಡಿದ್ದೇನೆಂದು ನುಡಿಸುವವನಿಗೆ ಗೊತ್ತು. ಬರುವ ಒಡಕು ನಾದವನ್ನು ಯಾರೂ ಚೌಡಯ್ಯನವರದೆಂದು ನಂಬುವುದಿಲ್ಲ. ಆದ್ದರಿಂದ ಅದು ಕಲೆಯಾಗಬಲ್ಲುದು. ನಮ್ಮ ಎದೆಯೊಳಗಿನ ಪೆಟ್ಟಿಗೆಗೆ ಗುಂಡಿ ಇದೆಯೆಂಬುದೇ ನಮಗೆ ತಿಳಿದಿಲ್ಲ. ಆ ಒಡಕನ್ನೇ ಎದುರಿಗಿರುವವನ ಕಂಠವೆಂದು ನಂಬಿ ತೀರ್ಪು ಕೊಟ್ಟುಬಿಡುತ್ತೇವೆ.

ಅಣ್ಣನ ವಿಷಯದಲ್ಲಿ ಇನ್ನೊಂದು ಮಾದರಿ ಸಿಕ್ಕುವಂತಿಲ್ಲ. ಅವನ ಮಕ್ಕಳು ನರಸೀಪುರದಲ್ಲಿಯೇ ಇದ್ದಾರೆ. ಈಗ ನಾನು ಜಾತ್ರೆಗಲ್ಲದೆ ಸಂಕ್ರಾಂತಿಗೂ ಊರಿಗೆ ಹೋಗುತ್ತೇನೆ.