ನೋವಿಗೆ ಅರ್ಥ ಹೇಳುವ ಮೊದಲು

ಸಾವಿನ ಮನೆಗೆ ಹೋದಾಗ ನಮಗೆ ಮಾತು ಹೊರಡುವುದಿಲ್ಲ. ಹೊರಡದಿದ್ದಾಗ ಸಿದ್ಧವಾಗಿರುವ ಒಂದು ಮಾತನ್ನು ಹೇಳಿಬಿಡುತ್ತೇವೆ. ಸೇಡಂ, ಚಿತ್ತಾಪುರದ ಕಡೆ ಅದು 'ಹಣೆಬರಹ'. ಕ್ರೈಸ್ತರ ಮನೆಯಾದರೆ 'ದೇವರ ಚಿತ್ತ'. ಇನ್ನೂ ಧೈರ್ಯವಿರುವವರು, ದೇವರು ತನಗೆ ಬೇಕಾದವರನ್ನೇ ಪರೀಕ್ಷೆಗೆ ಹಚ್ಚುತ್ತಾನೆ, ಇದರಿಂದ ನೀವು ಬೆಳೆಯುತ್ತೀರಿ ಎನ್ನುತ್ತಾರೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ಮಾತು ನಿಜವೇ? ನೋವು ಮನುಷ್ಯನನ್ನು ಬೆಳೆಸುತ್ತದೆಯೇ?

ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಬರೀ ಪುಸ್ತಕದ್ದಲ್ಲ. ಇದು ಸುಣ್ಣಕಲ್ಲಿನ ನೆಲ. ಶಹಾಬಾದ್ ಕಲ್ಲು ದೇಶದ ಎಷ್ಟೋ ಮನೆಗಳ ನೆಲವಾಗಿದೆ. ವಾಡಿ, ಸೇಡಂನ ಸಿಮೆಂಟು ಎಷ್ಟೋ ಊರುಗಳ ಗೋಡೆಯಾಗಿದೆ. ಆ ಕಲ್ಲನ್ನು ಪದರು ಪದರಾಗಿ ಎಬ್ಬಿಸುವವರು ಬಿಸಿಲಿನಲ್ಲಿ ಕುಳಿತು ದೂಳು ಕುಡಿಯುತ್ತಾರೆ. ಮಳೆ ಕೈಕೊಟ್ಟು ತೊಗರಿ ಒಣಗಿದ ವರ್ಷ ಚಿಂಚೋಳಿಯ ತಾಂಡಾಗಳಿಂದ ಜನ ಗುಳೆ ಹೊರಡುತ್ತಾರೆ. ಉಸಿರು ಹತ್ತದ ಕೂಲಿಯವನಿಗೆ 'ಇದು ನಿನ್ನ ಶಿಲುಬೆ, ಹೊತ್ತುಕೋ' ಎಂದರೆ ಲಾಭ ಯಾರಿಗೆ? ಅವನಿಗಂತೂ ಅಲ್ಲ. ಮನುಷ್ಯರೇ ಮಾಡಿದ, ಮನುಷ್ಯರೇ ನಿಲ್ಲಿಸಬಹುದಾದ ನೋವಿಗೆ ದೇವರ ಹೆಸರು ಹಚ್ಚುವುದು ಭಕ್ತಿಯಲ್ಲ. ಸುವಾರ್ತೆಗಳಲ್ಲಿ ಯೇಸು ತನ್ನ ಬಳಿ ಬಂದ ಯಾವ ರೋಗಿಗೂ, ಈ ರೋಗ ನಿನಗೆ ಒಳ್ಳೆಯದು, ಇಟ್ಟುಕೋ ಎಂದು ಹೇಳಿ ಕಳಿಸುವುದಿಲ್ಲ.

ಬೈಬಲಿನ ಯೋಬನ ಕಥೆಯೂ ಇದನ್ನೇ ಹೇಳುತ್ತದೆ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು, ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕುಳಿತವನನ್ನು ನೋಡಲು ಗೆಳೆಯರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನ ಪಕ್ಕ ನೆಲದ ಮೇಲೆ ಕೂಡುತ್ತಾರೆ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಮೇಲೆ ಬಾಯಿ ತೆರೆದು, ಅವನ ನೋವಿಗೆ ಕಾರಣ ಹುಡುಕಿ ಕೊಡತೊಡಗುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ಅವರ ಮೇಲೆ. ಕೂಗಾಡಿದ, ಜಗಳ ತೆಗೆದ ಯೋಬನ ಮಾತೇ ಸರಿ ಎನ್ನುತ್ತಾನೆ.

ಹಾಗಾದರೆ ಸಂಕಟದಿಂದ ಏನೂ ಹುಟ್ಟುವುದಿಲ್ಲವೇ? ವಾಡಿ ಜಂಕ್ಷನ್ನಿನಿಂದ ಪುಣೆಯ ಕಡೆ ಹೋಗುವ ರೈಲು ಶಹಾಬಾದ್, ಕಲಬುರಗಿ, ಸೊಲ್ಲಾಪುರ ದಾಟಿ, ಪುಣೆ ಮುಟ್ಟುವ ಮೊದಲು ಕೇಡಗಾಂವ್ ಎಂಬ ಸಣ್ಣ ನಿಲ್ದಾಣವನ್ನು ಹಾಯುತ್ತದೆ. ಪಂಡಿತಾ ರಮಾಬಾಯಿಯವರು 'ಮುಕ್ತಿ' ಆಶ್ರಮ ಕಟ್ಟಿದ ಊರು ಅದು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅಣ್ಣನೂ ತಂಗಿಯೂ ಹಸಿದ ಹೊಟ್ಟೆಯಲ್ಲಿ ಊರೂರು ನಡೆದರು. 1880ರಲ್ಲಿ ಅಣ್ಣ ಹೋದ. 1882ರಲ್ಲಿ ಗಂಡ ಕಾಲರಾದಿಂದ ಸತ್ತ. ಕೈಯಲ್ಲಿ ಉಳಿದದ್ದು ಒಂದು ಹೆಣ್ಣು ಕೂಸು, ಮನೋರಮಾ. ಮರುವರ್ಷ ಇಂಗ್ಲೆಂಡಿನಲ್ಲಿ ಅವರು ಕ್ರೈಸ್ತರಾದರು.

1896ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿದ್ದ ಸುದ್ದಿ ಬಂದಾಗ ರಮಾಬಾಯಿ ಅಲ್ಲಿಗೇ ಹೋದರು. ಹಸಿದ ಬಾಲವಿಧವೆಯರನ್ನು, ಅನಾಥ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. ಹಸಿವು ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 1912ರಲ್ಲಿ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಕಲಬುರಗಿಯಲ್ಲೂ ಅವರು ಒಂದು ಕ್ರೈಸ್ತ ಪ್ರೌಢಶಾಲೆ ತೆರೆದರು. ಮಗಳು ಮನೋರಮಾ ಅದರ ಮುಖ್ಯಸ್ಥೆ. 1921ರಲ್ಲಿ ಆ ಮಗಳೂ ತಾಯಿಗಿಂತ ಮೊದಲೇ ತೀರಿಕೊಂಡಳು. ಮರುವರ್ಷ ರಮಾಬಾಯಿಯೂ ಹೋದರು. ಕೊನೆಯ ವರ್ಷಗಳಲ್ಲಿ ಅವರು ಕೈಹಿಡಿದಿದ್ದ ಕೆಲಸ, ಬೈಬಲನ್ನು ಮೂಲ ಭಾಷೆಗಳಿಂದ ಸರಳ ಮರಾಠಿಗೆ ತರುವುದು.

ಈ ಬದುಕನ್ನು 'ಬರಗಾಲ ರಮಾಬಾಯಿಯನ್ನು ಬೆಳೆಸಿತು' ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಅದೇ ಬರದಲ್ಲಿ ಸತ್ತ ಅಕ್ಕ ಏನು ಬೆಳೆದಳು? ಹಸಿವಿಗೆ ಬೆಳೆಸುವ ಗುಣವಿದ್ದರೆ ಅವಳೂ ಬೆಳೆಯಬೇಕಿತ್ತು. ಬರ ಕೊಲ್ಲುತ್ತದೆ, ಅಷ್ಟೇ. ಬೆಳೆದದ್ದು ರಮಾಬಾಯಿಯ ಒಳಗಿನ ಬೇರೊಂದು: ನನಗಾದದ್ದು ಇನ್ನೊಬ್ಬಳಿಗೆ ಆಗಬಾರದು ಎಂಬ ಹಟ. ಆ ಹಟಕ್ಕೆ ಅವರ ನಂಬಿಕೆ ನೀರೆರೆಯಿತು. ನೋವು ಗೊಬ್ಬರವೂ ಅಲ್ಲ, ಗುರುವೂ ಅಲ್ಲ. ನೋವು ತಿಂದವರು ಇನ್ನೊಬ್ಬರ ನೋವಿನ ಕಡೆ ತಿರುಗಿದಾಗ ಮಾತ್ರ ಅಲ್ಲಿ ಏನೋ ಚಿಗುರುತ್ತದೆ. ತಿರುಗಲು ಆಗದೆ ಮುರಿದುಹೋದವರನ್ನು ಸೋತವರೆಂದು ಎಣಿಸುವ ಹಕ್ಕು ನಮಗಿಲ್ಲ. ಪುನರುತ್ಥಾನದ ನಂಬಿಕೆ ಮೊದಲು ಇರಬೇಕಾದದ್ದು ಅಂಥವರಿಗಾಗಿಯೇ. ಪಾಠ ಕಲಿತು ಪಾಸಾದವರಿಗಷ್ಟೇ ಸಿಗುವ ಬಹುಮಾನ ಅದಲ್ಲ.

ಪೌಲ ರೋಮಾಪುರದವರಿಗೆ ಬರೆದ ಪತ್ರದಲ್ಲಿ ಸಂಕಟದಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಒಂದು ಕಡೆಗೆ ಮುಟ್ಟುತ್ತಾನೆ. ಕನ್ನಡ ಬೈಬಲು ಆ ಕೊನೆಯ ಮೆಟ್ಟಿಲನ್ನು 'ಆಶೆ' ಎನ್ನುವುದಿಲ್ಲ, 'ನಿರೀಕ್ಷೆ' ಎನ್ನುತ್ತದೆ. ಆಶೆಯನ್ನು ಒಬ್ಬರೇ ಕೂತು ಪಡಬಹುದು; ನಿರೀಕ್ಷೆ ಎಂದರೆ ಬರುವುದಿರುವ ಯಾರಿಗೋ ಬಾಗಿಲು ತೆರೆದಿಟ್ಟು ಕಾಯುವುದು. ಸತ್ತು ಎದ್ದು ಬಂದ ಯೇಸುವಿನ ಮೈಮೇಲೆ ಮೊಳೆಯ ಗಾಯಗಳು ಹಾಗೇ ಇದ್ದವು. ತೋಮನಿಗೆ ಅವನು ತೋರಿಸಿದ್ದು ಅವನ್ನೇ. ಗಾಯ ಮಾಯದೆಯೂ ಬದುಕು ಮುಂದೆ ನಡೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ಸರಳವಾದ ಗುರುತು ನನಗೆ ಗೊತ್ತಿಲ್ಲ.

ಆದ್ದರಿಂದ ಸಾವಿನ ಮನೆಗೆ ಹೋದಾಗ ಮಾತು ಹೊರಡದಿದ್ದರೆ ಅದು ಕೊರತೆಯಲ್ಲ. ಯೋಬನ ಗೆಳೆಯರ ಮೊದಲ ಏಳು ದಿನ ನೆನಪಿರಲಿ. ಚಾಪೆಯ ಒಂದು ಮೂಲೆಯಲ್ಲಿ ಕೂಡಬೇಕು. ಎದ್ದು ಬರುವಾಗ, ಮನೆಯಲ್ಲಿ ರಾತ್ರಿಗೆ ರೊಟ್ಟಿ ಇದೆಯೋ ಇಲ್ಲವೋ ಎಂದು ಕೇಳಿ ಬರಬೇಕು. ಅರ್ಥ ಹುಡುಕುವ ಕೆಲಸವನ್ನು ಆ ಮನೆಯವರಿಗೇ ಬಿಡೋಣ, ಅವರಿಗೆ ಬೇಕಾದ ದಿನ.