ಅರಸನ ಕಾವಲುಗಾರರು ಕೈಯೆತ್ತದೆ ನಿಂತದ್ದು
(1 ಸಮುವೇಲ 22ನೆಯ ಅಧ್ಯಾಯ)



ಪುಷ್ಯಮಾಸದ ಬನದ ಹುಣ್ಣಿಮೆಯು ಬಂತೆಂದರೆ ಗುಳೇದಗುಡ್ಡ, ಇಳಕಲ್ಲು, ಹುನಗುಂದ ಸೀಮೆಗಳಿಂದ ಬನಶಂಕರಿಯ ಜಾತ್ರೆಗೆ ಹೋಗುವ ಜನರ ಸಾಲು ಕಡಿಯುವದಿಲ್ಲ. ದೇವಿಯ ಪೂಜೆಗೆ ಸೇರುವವರು ನಾವಲ್ಲವಾದರೂ ಎತ್ತು ಕೊಳ್ಳುವದಕ್ಕೂ ಅರಿವೆ ಮಾರುವದಕ್ಕೂ ನೆಂಟರನ್ನು ಕಾಣುವದಕ್ಕೂ ನಮ್ಮಲ್ಲಿ ಅನೇಕರು ಹೋಗುವದುಂಟು. ಆ ದಾರಿಯಲ್ಲಿ ಬಾದಾಮಿಯ ಕೆಂಪು ಬಂಡೆಗಳ ಮೇಲಿನ ಕೋಟೆಯು ಎಲ್ಲರ ಕಣ್ಣಿಗೂ ಬೀಳುತ್ತದೆ. 642ರಲ್ಲಿ ಕಂಚಿಯ ಪಲ್ಲವ ಅರಸನಾದ ನರಸಿಂಹವರ್ಮನು ಈ ಪಟ್ಟಣವನ್ನು ಹಿಡಿದನು. 1786ರಲ್ಲಿ ಮರಾಠರೂ ನಿಜಾಮನ ದಂಡಿನವರೂ ಕೂಡಿ ಟೀಪುವಿನ ಕೈಯಿಂದ ಇದನ್ನು ಕಸಿದುಕೊಂಡರು. 1818ರಲ್ಲಿ ಮನ್ರೋ ಸಾಹೇಬನು ಇಂಗ್ಲಿಷರಿಗಾಗಿ ಇದನ್ನು ಗೆದ್ದನು. ಗೆದ್ದವರ ಹೆಸರುಗಳು ನಮಗೆ ಬಂದು ಮುಟ್ಟಿವೆ. ದಂಡಿನ ಕಾಲಿಗೆ ಸಿಕ್ಕ ಜೋಳದ ಹೊಲವು ಯಾರದಾಗಿತ್ತೆಂಬದನ್ನು ಯಾರೂ ಬರೆದಿಡಲಿಲ್ಲ.

ಒಂದು ವರುಷ ಆ ಜಾತ್ರೆಯಿಂದ ತಿರುಗಿ ಬರುವಾಗ ಬಂಡಿಯಲ್ಲಿ ಯುದ್ಧದ ಮಾತು ಎದ್ದಿತು. ವೈರಿಗಳ ಊರುಗಳನ್ನು ಸುಟ್ಟು ಬೂದಿಮಾಡಬೇಕೆಂದು ಒಬ್ಬನು ಕೂಗಿದನು. ಎಲ್ಲರೂ ಹೌದೆಂದರು. ನಾವೂ ಹೌದೆಂದೆವು, ಇದನ್ನು ಮರೆಮಾಡುವದಿಲ್ಲ. ನಮ್ಮ ಸಭೆಯ ಒಬ್ಬ ತಾಯಿಯು, ಅವಳ ಮಗನು ಸಿಪಾಯಿಯಾಗಿದ್ದಾನೆ, ಮೂಲೆಯಲ್ಲಿ ಕುಳಿತು ಏನೂ ಅನ್ನದೆ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ; ದೀಪ ಹಚ್ಚಿ ಸತ್ಯವೇದವನ್ನು ತೆರೆಯಲಾಗಿ ನಮ್ಮ ಕಣ್ಣಿಗೆ ಬಿದ್ದದ್ದು ಈ ಅಧ್ಯಾಯವೇ.

ಸೌಲನು ಕೈಯಲ್ಲಿ ಈಟಿ ಹಿಡಿದು ಮರದ ಕೆಳಗೆ ಕುಳಿತಿದ್ದಾನೆ. ದಾವೀದನಿಗೆ ರೊಟ್ಟಿಯನ್ನು ಕೊಟ್ಟ ತಪ್ಪಿಗಾಗಿ ಯಾಜಕನಾದ ಅಹೀಮೆಲೆಕನೂ ಅವನ ಮನೆಯವರೂ ಅವನ ಎದುರಿಗೆ ನಿಲ್ಲಿಸಲ್ಪಟ್ಟಿದ್ದಾರೆ. ಅರಸನು ತನ್ನ ಕಾವಲುಗಾರರಿಗೆ, ಇವರನ್ನು ಕೊಲ್ಲಿರೆಂದು ಅಪ್ಪಣೆ ಕೊಡುತ್ತಾನೆ. ಅವರು ಅರಸನ ಅನ್ನವನ್ನು ತಿಂದವರು, ಅವನ ಮಾತಿಗೆ ಓಡುವವರು. ಆದರೂ ಅವರಲ್ಲಿ ಒಬ್ಬನೂ ಕೈಯೆತ್ತಲಿಲ್ಲ. ಅವರು ಅರಸನ ಮೇಲೆ ಬೀಳಲಿಲ್ಲ, ಕತ್ತಿಯನ್ನು ಅವನ ಕಡೆಗೆ ತಿರುಗಿಸಲಿಲ್ಲ, ಓಡಿಹೋಗಲೂ ಇಲ್ಲ. ಇದ್ದಲ್ಲಿಯೇ ಸುಮ್ಮನೆ ನಿಂತರು.

ನಮ್ಮ ಹಿರಿಯರ ಕಾಲದಲ್ಲಿ ಈ ದೇಶದಲ್ಲಿಯೇ ಹೀಗೆ ನಿಂತವರು ಇದ್ದರು. 1939ರ ಸೆಪ್ಟೆಂಬರಿನಲ್ಲಿ ವೈಸರಾಯರು ಈ ದೇಶದ ಜನರ ಪ್ರತಿನಿಧಿಗಳನ್ನು ಒಂದು ಮಾತೂ ಕೇಳದೆ ಹಿಂದೂಸ್ಥಾನವು ಯುದ್ಧದಲ್ಲಿ ಸೇರಿದೆಯೆಂದು ಸಾರಿದರು. ಮರುವರುಷ ಗಾಂಧಿಯವರು ವೈಯಕ್ತಿಕ ಸತ್ಯಾಗ್ರಹವನ್ನು ಆರಂಭಿಸಿದರು. ದೊಡ್ಡ ಗುಂಪು ಕೂಡಿದರೆ ಸಂಕಟದಲ್ಲಿದ್ದ ಸರಕಾರಕ್ಕೆ ತೊಡಕಾಗುವದೆಂದೂ ಗಲಭೆಯಾಗುವದೆಂದೂ ಎಣಿಸಿ, ಒಬ್ಬೊಬ್ಬರನ್ನೇ ಆರಿಸಿ ಕಳುಹಿಸಿದರು. ಹೋಗುವವನು ಮೊದಲು ಜಿಲ್ಲೆಯ ಅಧಿಕಾರಿಗೆ ಕಾಗದ ಬರೆದು, ಇಂಥ ದಿನ, ಇಂಥ ಸ್ಥಳದಲ್ಲಿ ಮಾತಾಡುವೆನೆಂದು ತಿಳಿಸಬೇಕು. ಬಳಿಕ ಜನರ ಮುಂದೆ ನಿಂತು, ಈ ಯುದ್ಧಕ್ಕೆ ಆಳನ್ನಾಗಲಿ ಹಣವನ್ನಾಗಲಿ ಕೊಡುವದು ತಪ್ಪು, ಎಲ್ಲಾ ಯುದ್ಧವನ್ನು ಅಹಿಂಸೆಯಿಂದಲೇ ಎದುರಿಸಬೇಕು ಎಂಬರ್ಥದ ಮಾತನ್ನು ಹೇಳಬೇಕು. ಹಿಡಿಯಲು ಬಂದರೆ ತಾನಾಗಿ ಹೋಗಬೇಕು. ಹಿಡಿಯದಿದ್ದರೆ ಊರೂರಿಗೆ ಹೇಳುತ್ತಾ ದಿಲ್ಲಿಯ ಕಡೆಗೆ ನಡೆಯಬೇಕು. 1940ರ ಅಕ್ಟೋಬರ 17ರಂದು ವಿನೋಬಾ ಭಾವೆಯವರು ಪವನಾರೆಂಬ ಹಳ್ಳಿಯಲ್ಲಿ ಮೊದಲು ಮಾತಾಡಿದರು. 21ರಂದು ಹಿಡಿಯಲ್ಪಟ್ಟು ಮೂರು ತಿಂಗಳ ಸಜೆಯನ್ನು ಹೊಂದಿದರು. 1941ರ ಮೇ ತಿಂಗಳಷ್ಟರಲ್ಲಿ ಸುಮಾರು 25,000 ಜನರು ಶಿಕ್ಷೆ ಹೊಂದಿದ್ದರು. ನಮ್ಮ ಬಾಗಲಕೋಟೆ, ಬಾದಾಮಿ ಸೀಮೆಗಳು ಆಗ ವಿಜಾಪುರ ಜಿಲ್ಲೆಯವು, ಮುಂಬಯಿ ಇಲಾಖೆಗೆ ಸೇರಿದವು. ಕನ್ನಡನಾಡಿನವರೂ ಈ ದಾರಿಯಲ್ಲಿ ನಡೆದು ಬೆಳಗಾವಿಯ ಹಿಂಡಲಗಿ ಸೆರೆಮನೆಯನ್ನು ಕಂಡರು. ಒಬ್ಬೊಬ್ಬರಾಗಿ ಹೋದರೂ ಒಂದೇ ಮಾತನ್ನು ಹೇಳಿದ್ದರಿಂದ ಅವರೆಲ್ಲರೂ ಕೂಡಿಯೇ ಹೋದಂತಾಯಿತು.

ಇಲ್ಲಿ ಸಭೆಯವರಲ್ಲಿ ಕೆಲವರು, ಅಧಿಕಾರಿಗಳಿಗೆ ಅಧೀನರಾಗಿರಬೇಕೆಂದು ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆಯಲಿಲ್ಲವೋ ಎಂದು ಕೇಳಾರು. ಬರೆದನು, ನಿಜ. ಆದರೆ ಅದೇ ಪೌಲನು ಎಷ್ಟು ಸೆರೆಮನೆಗಳನ್ನು ಕಂಡನು? ಮುಂಗಡವಾಗಿ ಅಧಿಕಾರಿಗೆ ಕಾಗದ ಬರೆದು, ತಾನಾಗಿಯೇ ಕೈಗಳನ್ನು ಮುಂದೆ ಚಾಚುವವನು ಅಧೀನತೆಯನ್ನು ಬಿಟ್ಟವನಲ್ಲ. ಪಾಪವೆಂದು ತೋರಿದ್ದನ್ನು ಮಾತ್ರ ಮಾಡಲೊಲ್ಲದೆ, ಅದರ ದಂಡವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡವನು. ಇಂಗ್ಲಿಷರ ದೇಶದಲ್ಲಿಯೂ 1916ರಿಂದ ಸುಮಾರು 16,000 ಜನರು ಕೊಲ್ಲುವ ಕೆಲಸಕ್ಕೆ ನಾವು ಬರಲಾರೆವೆಂದು ಹೇಳಿದರು. ಅವರಲ್ಲಿ ಕ್ರಿಸ್ತನ ಹೆಸರಿನಿಂದ ಹೇಳಿದವರು ಬಹಳ.

ನಮ್ಮ ಸಭೆಗಳಿಗಂತೂ ಯುದ್ಧವು ದೂರದ ಮಾತಾಗಿರಲಿಲ್ಲ. 1851ರಲ್ಲಿ ಗುಳೇದಗುಡ್ಡಕ್ಕೆ ಬಂದ ಬಾಸೆಲ್ ಮಿಶನಿನ ಬೋಧಕರಲ್ಲಿ ಜರ್ಮನ್ ದೇಶದವರು ಬಹು ಜನ. 1914ರ ಯುದ್ಧವು ಹುಟ್ಟಲಾಗಿ, ಈ ನಾಡಿನಲ್ಲಿ ನಮಗೆ ಅಕ್ಷರ ಕಲಿಸಿದವರೂ ನಮ್ಮ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದವರೂ ಸರಕಾರದ ಕಣ್ಣಿಗೆ ವೈರಿಗಳಾದರು. ಅನೇಕರು ಅಹಮದನಗರದ ಶಿಬಿರದಲ್ಲಿ ಇಡಲ್ಪಟ್ಟರು. ನಿನ್ನೆಯ ವರೆಗೆ ಪ್ರಾರ್ಥನೆಯಲ್ಲಿ ನಮ್ಮೊಂದಿಗೆ ಮೊಣಕಾಲೂರಿದವನನ್ನು ಇಂದು ದ್ವೇಷಿಸೆಂದರೆ ಹೇಗೆ ದ್ವೇಷಿಸುವದು?

ಆದರೂ ಒಂದು ಸಂಗತಿಯನ್ನು ಬಚ್ಚಿಡಬಾರದು. ಕಾವಲುಗಾರರು ಕೈಯೆತ್ತದೆ ಇದ್ದರೂ ಎದೋಮ್ಯನಾದ ದೋಯೇಗನೆಂಬ ಒಬ್ಬನು ಮುಂದೆ ಬಂದನು. ಆ ದಿನ ಎಂಭತ್ತೈದು ಯಾಜಕರು ಸತ್ತರು, ನೋಬ್ ಎಂಬ ಊರು ಹಾಳಾಯಿತು. 1940ರ ಸತ್ಯಾಗ್ರಹದಿಂದಲೂ ಯುದ್ಧವು ನಿಲ್ಲಲಿಲ್ಲ. 1945ರ ವರೆಗೆ ನಡೆಯಿತು. ಹಿಟ್ಲರನ ಕ್ರೌರ್ಯವನ್ನು ಕಂಡು, ಅವನನ್ನು ತಡೆಯುವದೂ ಧರ್ಮವೇ ಎಂದು ಒಳ್ಳೆಯ ಮನಸ್ಸಿನಿಂದ ದಂಡಿಗೆ ಸೇರಿದ ಕ್ರೈಸ್ತರೂ ಇದ್ದರು. ಅವರನ್ನು ನಾವು ಹಳಿಯುವದಿಲ್ಲ. ಆ ತಾಯಿಯ ಮಗನನ್ನೂ ಹಳಿಯುವದಿಲ್ಲ. ಆದರೆ ದೋಯೇಗನು ಒಬ್ಬನಿದ್ದಾನೆಂಬದರಿಂದ ಉಳಿದ ಕಾವಲುಗಾರರೂ ಕತ್ತಿ ಹಿರಿಯಬೇಕಾಗಿತ್ತೇ?

ಮುಂದಿನ ಆದಿತ್ಯವಾರ ನಾವು ಅದೇ ಪುಸ್ತಕದ 25ನೆಯ ಅಧ್ಯಾಯವನ್ನು ಓದುವೆವು. ನಾನೂರು ಮಂದಿಯೊಂದಿಗೆ ಕತ್ತಿ ಕಟ್ಟಿಕೊಂಡು ಬರುತ್ತಿದ್ದ ದಾವೀದನ ಎದುರಿಗೆ ಅಬೀಗೈಲಳು ಇನ್ನೂರು ರೊಟ್ಟಿಗಳನ್ನು ಕತ್ತೆಗಳ ಮೇಲೆ ಹೇರಿಸಿಕೊಂಡು ಹೋದ ಕಥೆಯದು. ಅಂದಿನ ಪ್ರಾರ್ಥನೆಯಲ್ಲಿ ನಮ್ಮ ಸಿಪಾಯಿಗಳನ್ನು ಹೆಸರಿಸುವೆವೆಂದು ಆ ತಾಯಿಗೆ ತಿಳಿಸಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಯ್ಯನವರೇ, ಆ ಕಡೆಗೂ ತಾಯಂದಿರು ಇರುತ್ತಾರಲ್ಲಾ, ಅವರ ಮಕ್ಕಳನ್ನೂ ಸೇರಿಸಿರಿ” ಎಂದಳು. ಸೇರಿಸುವೆವೆಂದು ಮಾತು ಕೊಟ್ಟಿದ್ದೇವೆ.